ಕೊನೆಯ ಕಂತು ಮೊದಲು

‘ಓಲೆಗರಿ’ ವಾರಪತ್ರಿಕೆಯ ಸಂಪಾದಕ ಏಕನಾಥರದು ಒಂದು ಕಾನೂನಿತ್ತು. ಧಾರಾವಾಹಿ ಬರೆಯುವವರು ಎಂಥ ದೊಡ್ಡ ಮನುಷ್ಯರೇ ಇರಲಿ, ಮೊದಲ ಕಂತು ಅಚ್ಚಾಗುವ ಮುಂಚೆ ಕೊನೆಯ ಕಂತನ್ನು ತಂದು ಅವರ ಮೇಜಿನ ಮೇಲಿಡಬೇಕು. ಹಿಂದೊಮ್ಮೆ ಒಬ್ಬ ಲೇಖಕ ಹತ್ತೊಂಬತ್ತನೆಯ ಕಂತಿನಲ್ಲಿ ನಾಯಕಿಯನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಿ ತಾನು ಎದೆ ಹಿಡಿದುಕೊಂಡು ತೀರಿಹೋಗಿದ್ದನಂತೆ. ಓದುಗರು ಮೂರು ತಿಂಗಳು ಏಕನಾಥರ ಜೀವ ತಿಂದರು. ಆವತ್ತಿನಿಂದ ಈ ಪದ್ಧತಿ. ಕೊನೆಯ ಕಂತು ಕೈಗೆ ಬಂದ ಮೇಲೆ ಬಿಡುವಿನ ದಿನ ನೋಡಿ ಅದರ ಅಚ್ಚಿನ ಮೊಳೆ ಜೋಡಿಸಿ, ಪುಟಪುಟವಾಗಿ ದಾರ ಸುತ್ತಿ, ಹುಬ್ಬಳ್ಳಿಯ ಪ್ರೆಸ್ಸಿನ ಹಿಂದಿನ ಕೋಣೆಯ ಹಲಗೆಯ ಮೇಲೆ ಇಟ್ಟುಬಿಡುತ್ತಿದ್ದರು. ಇನ್ನು ಲೇಖಕ ಸತ್ತರೂ ಚಿಂತೆಯಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿದ್ದ ದ್ರಾಕ್ಷಾಯಿಣಿ ಹನ್ನೊಂದು ಕಾದಂಬರಿಗಳಿಂದ ಈ ಕಾನೂನಿಗೆ ಒಗ್ಗಿಹೋಗಿದ್ದಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಮಕ್ಕಳಿಗೂ ಓಣಿಗೂ ‘ಬಾಯಾರು’. ವಯಸ್ಸು ನಲವತ್ಮೂರು, ಮದುವೆಯಿಲ್ಲ, ಆದರೆ ಪ್ರೇಮದ ಕತೆ ಬರೆಯುವುದರಲ್ಲಿ ಅವಳನ್ನು ಮೀರಿಸುವವರು ಎರಡೂ ಊರುಗಳಲ್ಲಿರಲಿಲ್ಲ. ಬಾಡಿಗೆ ಲೈಬ್ರರಿಗಳಲ್ಲಿ ಅವಳ ಪುಸ್ತಕಗಳ ರಟ್ಟು ಉಳಿಯುತ್ತಿರಲಿಲ್ಲ. ಒಳಗುಟ್ಟು ಹೇಳುತ್ತೇನೆ ಕೇಳಿ. ಆ ಹನ್ನೊಂದರಲ್ಲೂ ಒಂದು ಮೂಲೆಯಲ್ಲಿ ಬೇರೆ ತರಹದವರು ಬಂದು ಹೋಗುತ್ತಿದ್ದರು. ಹಾರ್ಮೋನಿಯಂ ಮಾಸ್ತರನನ್ನು ಪ್ರೀತಿಸಿದ, ನಾಟಕ ಕಂಪನಿಯಲ್ಲಿ ಹೆಣ್ಣುಪಾತ್ರ ಮಾಡುವ ಗಂಡಸು; ಅವನನ್ನು ಕ್ಷಯ ಒಯ್ದಿತು. ಅಕ್ಕಪಕ್ಕದ ಕೋಣೆಯ ಇಬ್ಬರು ಉಪನ್ಯಾಸಕರು. ಒಬ್ಬ ರೈಲಿಗೆ ಬಿದ್ದ. ತಾನು ಹೆಣ್ಣೆಂದು ಎಳವೆಯಿಂದಲೇ ತಿಳಿದಿದ್ದ ಬಸಣ್ಣ ಕಾಶಿಗೆ ಹೋದ, ತಿರುಗಿ ಬರಲಿಲ್ಲ. ಕೊಲ್ಲುವುದಕ್ಕಾದರೂ ಅವರನ್ನು ಹುಟ್ಟಿಸಿದೆನಲ್ಲ ಎಂದು ದ್ರಾಕ್ಷಾಯಿಣಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಎಂಥ ಸಮಾಧಾನವೋ, ದೇವರೇ ಬಲ್ಲ!

ಅವರೆಲ್ಲ ಎಲ್ಲಿಂದ ಬರುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಆರು ವರ್ಷ ಅವಳ ಮನೆಯ ಇನ್ನೊಂದು ಕೋಣೆಯಲ್ಲಿ ಅಬೀದಾ ಇದ್ದಳು, ದವಾಖಾನೆಯಲ್ಲಿ ನರ್ಸು. ಓಣಿಯ ಕಣ್ಣಿಗೆ ಬಾಡಿಗೆ ಹಂಚಿಕೊಂಡ ಇಬ್ಬರು ನೌಕರಿಯ ಹೆಂಗಸರು. ಬಾಗಿಲು ಹಾಕಿದ ಮೇಲೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಒಂದೇ ಕೌದಿ ಹೊದೆಯುತ್ತಿದ್ದರು, ಗಂಡಹೆಂಡಿರನ್ನು ಮೀರಿಸುವಂತೆ ಜಗಳವಾಡುತ್ತಿದ್ದರು. ಒಂದು ಭಾನುವಾರ ಅಬೀದಾಳ ಅಣ್ಣ ಬೆಳಗಾವಿಯಿಂದ ಬಂದು, ಗಂಡು ಗೊತ್ತಾಗಿದೆ, ಟ್ರಂಕು ಕಟ್ಟು ಎಂದ. ಅಬೀದಾ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ದ್ರಾಕ್ಷಾಯಿಣಿಯ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ದ್ರಾಕ್ಷಾಯಿಣಿ ಹೊಸ್ತಿಲಲ್ಲಿ ನಿಂತು, ಊರಿಗೆ ಹೊರಟವರಿಗೆ ಎಲ್ಲರೂ ಹೇಳುವ ಹಾಗೆ, “ಹೋಗಿ ಬಾ” ಎಂದಳು. ಅಬೀದಾ ಹೋದಳು. ಬರಲಿಲ್ಲ.

ಹೀಗಾಗಿ ಹನ್ನೆರಡನೆಯ ಕಾದಂಬರಿ. ಈ ಸಲ ಮೂಲೆಯಲ್ಲಲ್ಲ, ನಟ್ಟನಡುವೆ. ಸುನಂದಾ ಮತ್ತು ಗಿರಿಜಾ, ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಹುಡುಗಿಯರು. ಮೊದಲ ಮೂರು ಕಂತು ಓದಿದ ಏಕನಾಥರು ಕನ್ನಡಕ ಹಣೆಗೇರಿಸಿದರು.

“ಬಾಯಾರ, ಇವರು ಗೆಳತ್ಯಾರು ಅಲ್ರೀ?”

“ಗೆಳತ್ಯಾರಲ್ರಿ. ಓದಿದ್ರ ತಿಳದಿರಬೇಕಲ್ಲ ನಿಮಗ.”

“ತಿಳದೈತ್ರಿ. ಅದಕ್ಕ ಬೆವರ ಬರಾಕತ್ತೇತಿ.” ಏಕನಾಥರು ಕೆಟ್ಟವರಲ್ಲ, ಹೆದರುವವರು. ಹಸ್ತಪ್ರತಿಯನ್ನು ಮತ್ತೊಮ್ಮೆ ತಿರುವಿ ಹೇಳಿದರು: “ಹಾಕತೇನ್ರಿ. ಭಾಳ ಛಲೋ ಬರದೀರಿ. ಆದ್ರ ಕಡೀಕ ಇಬ್ರೂ ಸಾಯಬೇಕು ನೋಡ್ರಿ. ಸತ್ರ ಮಂದಿ ಅಯ್ಯೋ ಪಾಪ ಅಂತಾರ. ಬದುಕಿದ್ರ ನನ್ನ ಆಫೀಸಿಗೆ ಕಲ್ಲು ಒಗೀತಾರ.”

ಅವಳು ಒಪ್ಪಿಕೊಂಡಳು. ಹೊಸದೇನಲ್ಲವಲ್ಲ! ಶ್ರಾವಣದ ಒಂದು ಸಂಜೆ ಲಕಮನಹಳ್ಳಿಯ ಕಾರ್ಖಾನೆಗಳ ಹಿಂದಿದ್ದ ಕೆರೆಯ ಮೆಟ್ಟಿಲ ಮೇಲೆ ಕೂತು ಜಾಗ ನೋಡಿಕೊಂಡಳು. ಕೆರೆ ತುಂಬಿ ಮೂರನೆಯ ಮೆಟ್ಟಿಲಿಗೆ ನೀರು ಬಡಿಯುತ್ತಿತ್ತು. ಮನೆಗೆ ಬಂದು ಒಂದೇ ಪಟ್ಟಿಗೆ ಕೂತು ಬರೆದಳು. ಸಂಜೆ ಐದೂವರೆಗೆ ಕಾರ್ಖಾನೆಯ ಸೈರನ್ ಕೂಗುತ್ತದೆ, ಸುನಂದಾ ಗಿರಿಜಾ ಕೈಹಿಡಿದು ಹುಣಸೆಮರದ ಹತ್ತಿರದ ಮೆಟ್ಟಿಲು ಇಳಿಯುತ್ತಾರೆ, ನೀರು ಇಬ್ಬರನ್ನೂ ತಾಯಿಯಂತೆ ಒಳಗೆ ಕರೆದುಕೊಳ್ಳುತ್ತದೆ. ಬರೆಯುತ್ತ ಅತ್ತಳು. ಅತ್ತು ಮುಗಿಸಿ ಮತ್ತೊಮ್ಮೆ ಓದಿಕೊಂಡು, ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟಳು. ಮರುದಿನವೇ ಹುಬ್ಬಳ್ಳಿಗೆ ಒಯ್ದು ಕೊಟ್ಟಳು.

ಧಾರಾವಾಹಿ ದಸರೆಗೆ ಶುರುವಾಯಿತು. ಬೈದು ಬರೆದವರಿದ್ದರು, ಕದ್ದು ಓದುತ್ತೇವೆ ಎಂದು ಬರೆದವರು ಅದಕ್ಕಿಂತ ಹೆಚ್ಚು ಇದ್ದರು. ಮಾರ್ಚ್ ತಿಂಗಳಲ್ಲಿ, ಇನ್ನು ಆರೇ ಕಂತು ಉಳಿದಿದೆ ಎಂದು ಪತ್ರಿಕೆ ಪ್ರಕಟಿಸಿದಾಗ, ಈ ಕಾಗದ ಬಂತು. ಅಮ್ಮಿನಬಾವಿಯ ಟಪಾಲು ಮುದ್ರೆ, ಕಳಿಸಿದವರ ವಿಳಾಸವಿಲ್ಲ.

‘ಬಾಯಾರಿಗೆ ನಮಸ್ಕಾರ. ನಾವು ಇಬ್ಬರು. ಒಬ್ಬಾಕಿಗೆ ಇಪ್ಪತ್ತು, ಇನ್ನೊಬ್ಬಾಕಿಗೆ ಇಪ್ಪತ್ತೊಂದು. ಟೇಲರಿಂಗ್ ಕ್ಲಾಸಿನಲ್ಲಿ ಗುರುವಾರಕ್ಕೊಮ್ಮೆ ನಿಮ್ಮ ಕತೆ ಗಟ್ಟಿಯಾಗಿ ಓದುತ್ತೇವೆ, ಎಲ್ಲರೂ ಕೇಳುತ್ತಾರೆ. ಅದು ನಮ್ಮದೇ ಕತೆ ಎಂದು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಬ್ಬಾಕಿಯ ಮದುವೆ ಗೊತ್ತಾಗಿದೆ, ನಿಮ್ಮ ಕತೆ ಮುಗಿಯುವ ಹೊತ್ತಿಗೇ. ಏನು ಮಾಡಬೇಕೆಂದು ಕೇಳಲು ನಮಗೆ ಯಾರೂ ಇಲ್ಲ. ಅದಕ್ಕೇ ನಿಮ್ಮ ಮೇಲೆ ಬಿಟ್ಟಿದ್ದೇವೆ. ಕೊನೆಗೆ ಅವರಿಬ್ಬರು ಏನು ಮಾಡುತ್ತಾರೋ ನಾವೂ ಅದನ್ನೇ ಮಾಡುತ್ತೇವೆ. ಹೀಗೆಂದು ಆಣೆ ಮಾಡಿಕೊಂಡಿದ್ದೇವೆ. ಇಂತಿ, ಸುನಂದಾ, ಗಿರಿಜಾ.’

ದ್ರಾಕ್ಷಾಯಿಣಿ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಓದಿದಳು. ಉತ್ತರ ಬರೆಯೋಣವೆಂದರೆ ನಿಜವಾದ ಹೆಸರಿಲ್ಲ. ಹುಡುಕಿಕೊಂಡು ಹೋಗೋಣವೆಂದರೆ ಊರಲ್ಲಿ ಏನೆಂದು ಕೇಳುವುದು? ಕೇಳಿದ ಮರುಗಳಿಗೆಯಲ್ಲೇ ಅವರ ಗುಟ್ಟು ಬೀದಿಗೆ ಬೀಳುತ್ತದೆ. ಅವರನ್ನು ತಲುಪುವ ದಾರಿ ಒಂದೇ, ಕೊನೆಯ ಕಂತು. ಮೂರು ದಿನ ರಜೆ ಹಾಕಿ ಹೊಸ ಕಂತು ಬರೆದಳು. ಸುನಂದಾ ಗಿರಿಜಾ ಕೆರೆಯ ಮೆಟ್ಟಿಲಿಂದ ಎದ್ದು ಬರುತ್ತಾರೆ. ಹುಬ್ಬಳ್ಳಿಯಲ್ಲಿ ಒಂದು ಕೋಣೆ ಹಿಡಿಯುತ್ತಾರೆ, ಹೊಲಿಗೆಯ ಮಷೀನು ತರುತ್ತಾರೆ, ಬಾಗಿಲ ಮೇಲೆ ಇಬ್ಬರ ಹೆಸರಿನ ಬೋರ್ಡು ಹಾಕುತ್ತಾರೆ. ಅಬೀದಾ ಹೋದ ಮೇಲೆ ಅಷ್ಟು ಸಂತೋಷದಿಂದ ಅವಳು ಏನನ್ನೂ ಬರೆದಿರಲಿಲ್ಲ. ಕಾರ್ಬನ್ ಪ್ರತಿ ಮನೆಯಲ್ಲಿಟ್ಟು ಮೂಲಪ್ರತಿಯನ್ನು ತಾನೇ ಹುಬ್ಬಳ್ಳಿಗೆ ಒಯ್ದಳು.

“ಮೊದಲಿಂದು ಕಂಪೋಜ ಆಗಿ ಕುಂತೈತಲ್ರಿ ಬಾಯಾರ.”

“ಬಿಚ್ಚಸ್ರಿ ಅದನ್ನ. ಇದನ್ನ ಜೋಡಸ್ರಿ. ಕಲ್ಲು ಒಗದ್ರ ನನ್ನ ಮನಿ ತೋರಸ್ರಿ, ನನ್ನ ಕಿಡಕಿಗೆ ಒಗೀಲಿ.” ಅವಳು ಕಾಗದ ಮುಂದಿಟ್ಟಳು.

ಏಕನಾಥರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಆತ್ರಿ. ಹಾಕೂಣು” ಎಂದರು. ಆ ಹೊತ್ತಿಗೆ ಅದು ಖರೇ ಮಾತಾಗಿತ್ತು.

ಏಪ್ರಿಲ್ ಕಡೆಯ ಗುರುವಾರ. ಶಾಲೆಗೆ ಬೇಸಿಗೆ ರಜೆ. ಹತ್ತು ಗಂಟೆಗೆ ಪೇಪರಿನವನು ‘ಓಲೆಗರಿ’ ಒಗೆದು ಹೋದ. ದ್ರಾಕ್ಷಾಯಿಣಿ ಅದನ್ನು ಬಿಚ್ಚಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಂಥವರಿಬ್ಬರನ್ನು ಬದುಕಿಸಿದ್ದೇನೆ, ಸಿಹಿ ಮಾಡಿ ಆಮೇಲೆ ಓದಬೇಕು ಎಂದುಕೊಂಡಳು. ಹುಚ್ಚಿ! ಗೋಧಿ ರವೆ ಹುರಿದು ಸಜ್ಜಕ ಮಾಡಿದಳು, ಏಲಕ್ಕಿ ಕುಟ್ಟಿದಳು, ದೇವರ ಮುಂದೆ ಒಂದು ಬಟ್ಟಲಿಟ್ಟಳು. ಹನ್ನೊಂದೂವರೆಗೆ ಕೈ ಒರೆಸಿಕೊಂಡು ಪತ್ರಿಕೆ ಬಿಚ್ಚಿದಳು. ‘ನೀರು ಇಬ್ಬರನ್ನೂ ತಾಯಿಯಂತೆ ಒಳಗೆ ಕರೆದುಕೊಂಡಿತು. ಮುಗಿಯಿತು.’

ಮೊದಲಿಗೆ ಅವಳಿಗೆ ಅರ್ಥವೇ ಆಗಲಿಲ್ಲ. ತನ್ನದೇ ವಾಕ್ಯ, ತಾನೇ ಹೆಮ್ಮೆಪಟ್ಟ ವಾಕ್ಯ. ಆಮೇಲೆ ಚಪ್ಪಲಿ ಸಹಿತ ಹಾಕಿಕೊಳ್ಳದೆ ಮೂಲೆಯ ಟೆಲಿಫೋನು ಅಂಗಡಿಗೆ ಓಡಿದಳು.

“ಅಯ್ಯ ಬಾಯಾರ…” ಆ ಕಡೆ ಏಕನಾಥರ ದನಿ ಸಣ್ಣಗಾಯಿತು. “ಲಗ್ನದ ದಿನಾ ನೋಡ್ರಿ. ಇಬ್ರೂ ಕಂಪೋಜಿಟರು ಎರಡು ವಾರದಿಂದ ಬರೇ ಲಗ್ನಪತ್ರಿಕಿ ಜೋಡಸಾಕತ್ತಾರ. ನಿಮ್ಮ ಹೊಸಾ ಕಂತು ಹಂಗs ಉಳೀತು. ನಿನ್ನೆ ಪುಟ ಖಾಲಿ ಬಿಡಾಕ ಬರಲಾರದಕ್ಕ ಇದ್ದದ್ದನ್ನ ಏರಿಸಿದ್ವಿ. ನಿಮಗ ಹೆಂಗ ಹೇಳ್ಲಿ ಅಂತ…”

“ಅಮ್ಮಿನಬಾವಿ ಪೇಪರಿನ ಗಂಟು ಹೋತೇನ್ರಿ?”

“ಮುಂಜಾನಿ ಮೊದಲನೇ ಬಸ್ಸಿಗೇ ಹೋತ್ರಿ.”

ಲಗ್ನಪತ್ರಿಕೆ! ಊರಿನವರ ಮದುವೆಗಾಗಿ ತನ್ನ ಇಬ್ಬರು ಹುಡುಗಿಯರನ್ನು ಮುಳುಗಿಸಿದರಲ್ಲ ಎಂದು ದ್ರಾಕ್ಷಾಯಿಣಿಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದವಳು ಹಾಗೇ ರಿಸೀವರ್ ಇಟ್ಟಳು. ಬರೆದವರು ಯಾರು? ಏಕನಾಥರೇನು ಬರೆದಿರಲಿಲ್ಲ. ಮನೆಗೆ ಹೋಗಿ ಕಾರ್ಬನ್ ಪ್ರತಿಯನ್ನು ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ, ಬಸ್‌ಸ್ಟ್ಯಾಂಡಿಗೆ ಹೋದಳು.

ಹನ್ನೆರಡೂವರೆಗೆ ಹೊರಡಬೇಕಾದ ಬಸ್ಸು ಒಂದಕ್ಕೆ ಹೊರಟಿತು. ಹೆಜ್ಜೆಗೊಬ್ಬರು ಕೈ ಮಾಡಿ ಹತ್ತುತ್ತಿದ್ದರು, ಮದುವೆಯ ಭಾಂಡೆ ಸಾಮಾನು ಬೇರೆ. “ಲಗೂ ಬಿಡ್ರಿ, ಯಪ್ಪಾ” ಎಂದು ಅವಳು ಕಂಡಕ್ಟರನಿಗೆ ಎರಡು ಸಲ ಅಂದಳು. ಅವನು, “ಬಸ್ಸು ನಮ್ಮನೀದಲ್ರಿ ಅಕ್ಕಾರ” ಎಂದ. ಊರ ಹತ್ತಿರ ರಸ್ತೆ ಸಣ್ಣದು. ಎದುರಿನಿಂದ ಧಾರವಾಡದ ಕಡೆಯ ಬಸ್ಸು ಬಂತು. ಎರಡೂ ಬಸ್ಸುಗಳು ಕಿಟಕಿಗೆ ಕಿಟಕಿ ತಾಗುವಷ್ಟು ಹತ್ತಿರದಲ್ಲಿ ನಿಧಾನ ದಾಟಿಕೊಂಡವು. ದ್ರಾಕ್ಷಾಯಿಣಿ ಕಣ್ಣು ಮುಚ್ಚಿಕೊಂಡು, ಇನ್ನೂ ಓದಿರದಿರಲಿ, ಇನ್ನೂ ಓದಿರದಿರಲಿ ಎಂದುಕೊಳ್ಳುತ್ತಿದ್ದಳು.

ಟೇಲರಿಂಗ್ ಕ್ಲಾಸು ಶರೀಫಾಬಿ ಎಂಬಾಕೆಯದು. ಮಸೀದಿಯ ಹಿಂದೆ ತಗಡಿನ ಪಡಸಾಲೆ, ನಾಲ್ಕು ಮಷೀನು, ಒಂಬತ್ತು ಹುಡುಗಿಯರು. ಗೋಡೆಯ ಮೊಳೆಗೆ ‘ಓಲೆಗರಿ’ ನೇತುಹಾಕಿತ್ತು. ಗುರುತು ಹೇಳಿಕೊಂಡ ಕೂಡಲೇ ಮಷೀನುಗಳೆಲ್ಲ ನಿಂತವು. ಕತೆ ಬರೆಯುವ ಬಾಯಾರು ತಮ್ಮ ಕ್ಲಾಸಿಗೆ ಬಂದಿದ್ದಾರೆ! ಯಾರೋ ಕುರ್ಚಿ ತಂದರು, ಯಾರೋ ನೀರು ಕೊಟ್ಟರು. ದ್ರಾಕ್ಷಾಯಿಣಿ ಒಂಬತ್ತು ಮುಖಗಳನ್ನೂ ನೋಡಿದಳು. ಯಾರು ಆ ಇಬ್ಬರು? ಕೇಳುವ ಹಾಗಿಲ್ಲ. ಕಣ್ಣು ಕೆಂಪಾದವರು ಮೂವರಿದ್ದರು. ಬಟ್ಟೆಯ ಧೂಳಿಗೆ ಎಲ್ಲರ ಕಣ್ಣೂ ಹಾಗೇ ಇರುತ್ತಿತ್ತೋ ಏನೋ.

ಥಟ್ಟನೆ ಅವಳಿಗೊಂದು ಉಪಾಯ ಹೊಳೆಯಿತು. ಗೋಡೆಯಿಂದ ‘ಓಲೆಗರಿ’ ತೆಗೆದುಕೊಂಡು, ಕಡೆಯ ಕಂತಿನ ಪುಟ ಬಿಚ್ಚಿ, “ಈ ವಾರದ್ದು ನಾನ ಓದತೇನಿ, ಕೇಳ್ರೆವಾ” ಎಂದಳು. ಪುಟದ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ್ದನ್ನು ಓದತೊಡಗಿದಳು. ಮೆಟ್ಟಿಲಿಂದ ಎದ್ದು ಬಂದ ಸುನಂದಾ ಗಿರಿಜಾ, ಹುಬ್ಬಳ್ಳಿಯ ಕೋಣೆ, ಹೊಲಿಗೆಯ ಮಷೀನು, ಬಾಗಿಲ ಮೇಲಿನ ಬೋರ್ಡು. ಬಾಯಿಪಾಠ ಬರುತ್ತಿತ್ತು ಅವಳಿಗೆ. ಎದುರಿಗೆ ಮುದ್ರೆಯಾದ ಕೆರೆಯ ನೀರು ಕಣ್ಣಿಗೆ ಬೀಳುತ್ತಿತ್ತು, ಬಾಯಿ ಮಾತ್ರ ಬದುಕಿಸುತ್ತ ಹೋಯಿತು. ಮುಗಿಸಿ ತಲೆಯೆತ್ತಿದಳು. ಒಬ್ಬರ ಮುಖದಲ್ಲೂ ನಗು ಬರಲಿಲ್ಲ.

ವಿದ್ಯಾ ಎಂಬ ಹುಡುಗಿ ಮೆಲ್ಲಗೆ ಅಂದಳು: “ಬಾಯಾರ, ಅದರಾಗ ಹಂಗಿಲ್ಲಲ್ರಿ. ಇಬ್ರೂ ಸಾಯತಾರಲ್ರಿ. ಮುಂಜಾನಿನ ಪೂನಮ್ ಓದಿ ಹೇಳಿದ್ಲು.”

“ಪೂನಮ್ ಯಾರು?”

ಹುಡುಗಿಯರೆಲ್ಲ ಮೂಲೆಯ ಕಡೆ ತಿರುಗಿದರು. ಖಾಲಿ ಇದ್ದ ಎರಡು ಮಣೆಗಳನ್ನು ದ್ರಾಕ್ಷಾಯಿಣಿ ಆಗ ನೋಡಿದಳು. ಶರೀಫಾಬಿ ಅವಳ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅರವತ್ತರ ಹೆಂಗಸು, ಓದು ಬಾರದು, ಕತ್ತರಿ ಹಿಡಿದರೆ ಮಾತ್ರ ತಪ್ಪುವವಳಲ್ಲ.

“ಪೂನಮ್, ಮಾಳವ್ವ. ಮಾಳವ್ವಂದು ಬರೂ ಸೋಮವಾರ ಲಗ್ನ” ಎಂದಳು. “ಲಗ್ನದ ಜಂಪರಿಗೆ ಬಟ್ಟಿ ತರತೇವಿ ಅಂತ ಹೇಳಿ ಒಂದೂವರಿ ಬಸ್ಸಿಗೆ ಧಾರವಾಡಕ್ಕ ಹೋದ್ರು. ಹೋಗೂ ಮುಂದ ಪೂನಮ್ ನನ್ನ ಟೇಪು, ಕತ್ತರಿ ಎಲ್ಲಾ ವಾಪಸ್ ಕೊಟ್ಟು ಕಾಲು ಮುಟ್ಟಿದ್ಲು. ಯಾಕಬೇ ಅಂದ್ರ ಸುಮ್ನ ಅಂದ್ಲು. ನಂಗ ಗೊತ್ತೈತ್ರಿ ಬಾಯಾರ ಅವರಿಬ್ಬರದೂ. ಓದಾಕ ಬರೂದಿಲ್ಲ ಖರೇ, ಕಣ್ಣು ಕಾಣತಾವ. ಏನಾಗೇತಿ ಹೇಳ್ರಿ.”

ಒಂದೂವರೆಯ ಬಸ್ಸು! ಕಿಟಕಿಗೆ ಕಿಟಕಿ ತಾಗಿಸಿ ದಾಟಿಹೋದ ಬಸ್ಸು. ಎಲ್ಲಿಗೆ ಹೋಗಿದ್ದಾರೆಂದು ದ್ರಾಕ್ಷಾಯಿಣಿ ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೆರೆ ಯಾವುದು, ಮೆಟ್ಟಿಲು ಯಾವುದು, ಎಷ್ಟು ಗಂಟೆಗೆ ಎಲ್ಲವನ್ನೂ ಅವಳೇ ಬರೆದುಕೊಟ್ಟಿದ್ದಳು. ಐದೂವರೆಯ ಸೈರನ್. ಶರೀಫಾಬಿಗೆ ಅಷ್ಟನ್ನೂ ಹೇಳಿದಳು.

ಮುಂದಿನ ಬಸ್ಸು ಐದಕ್ಕೆ. ಶರೀಫಾಬಿಯ ಗಂಡ ಹುಸೇನಬಾಷಾನ ಟೆಂಪೋ ಹಿಟ್ಟಿನ ಗಿರಣಿಗೆ ಹೋಗಿತ್ತು; ಅದು ಬರುವಾಗ ನಾಲ್ಕೂಮುಕ್ಕಾಲು. ಆ ಎರಡೂವರೆ ಗಂಟೆ ದ್ರಾಕ್ಷಾಯಿಣಿ ಹೇಗೆ ಕಳೆದಳೋ! ರಸ್ತೆಯಲ್ಲಿ ನಿಂತು ಸೈಕಲ್ಲಿಗೂ ಕೈ ಮಾಡಿದಳು. ಇಬ್ಬರು ಮೋಟರ್‌ಸೈಕಲ್ಲಿನವರು ನಿಲ್ಲಿಸದೆ ಹೋದರು. ಟೆಂಪೋ ಬಂದದ್ದೇ ಅವಳೂ ಶರೀಫಾಬಿಯೂ ಹತ್ತಿದರು. ಹುಸೇನಬಾಷಾ ಏನೂ ಕೇಳಲಿಲ್ಲ, ಹೆಂಡತಿಯ ಮುಖ ನೋಡಿ ಗಾಡಿ ಓಡಿಸಿದ. ದಾರಿಯುದ್ದಕ್ಕೂ ದ್ರಾಕ್ಷಾಯಿಣಿಯ ತಲೆಯಲ್ಲಿ ಅವಳು ಕೊಂದವರೆಲ್ಲ ಸಾಲುಹಿಡಿದು ಬಂದರು, ಕ್ಷಯದವನು, ರೈಲಿನವನು, ಕಾಶಿಯ ಬಸಣ್ಣ. ಎಷ್ಟು ಊರುಗಳಲ್ಲಿ ಎಷ್ಟು ಜನ ಅವರನ್ನು ಓದಿ, ನಮಗೂ ಇಷ್ಟೇ ಎಂದುಕೊಂಡರೋ! ಅವರು ಕಾಗದ ಬರೆದಿರಲಿಲ್ಲ, ಅಷ್ಟೇ.

ಲಕಮನಹಳ್ಳಿಗೆ ತಿರುಗುವಲ್ಲಿ ರೈಲು ಗೇಟು ಹಾಕಿತ್ತು. ಅವಳು ಇಳಿದಳು. “ಬಾಯಾರ, ಗಾಡಿ ಬರತೈತಿ, ನಿಂದ್ರಿ!” ಎಂದು ಶರೀಫಾಬಿ ಕೂಗಿದಳು. ದ್ರಾಕ್ಷಾಯಿಣಿ ಗೇಟಿನ ಕೆಳಗೆ ನುಸುಳಿ, ಹಳಿ ದಾಟಿ, ಸೀರೆ ಎತ್ತಿ ಹಿಡಿದು ಓಡಿದಳು. ಶಾಲೆಯ ಗಂಟೆಗೂ ಓಡದ ಹೆಂಗಸು. ಕಾರ್ಖಾನೆಯ ಗೋಡೆಗುಂಟ ಅರ್ಧ ದಾರಿ ಬಂದಾಗ ಸೈರನ್ ಕೂಗಿತು. ಅವಳು ಬರೆದದ್ದಕ್ಕಿಂತ ಬಹಳ ಹೊತ್ತು ಕೂಗಿತು. “ಬ್ಯಾಡ, ಬ್ಯಾಡ, ಬ್ಯಾಡ” ಎನ್ನುತ್ತ ಅವಳು ಅಳುತ್ತ ಓಡುತ್ತಿದ್ದಳು.

ಹುಣಸೆಮರ ಸಿಕ್ಕಿತು. ಮೆಟ್ಟಿಲು ಸಿಕ್ಕವು. ಕೆರೆ ಇರಲಿಲ್ಲ.

ಶ್ರಾವಣದಲ್ಲಿ ಬರೆದ ಕಂತು ಅದು. ಇದು ಏಪ್ರಿಲ್ ಕಡೆ. ಮೆಟ್ಟಿಲು ಮುಗಿದ ಮೇಲೆ ಸೀಳುಬಿಟ್ಟ ನೆಲ, ಅದರಾಚೆ ಕಪ್ಪು ಕೆಸರು, ಅದರಾಚೆ ಎಲ್ಲೋ ದೂರದಲ್ಲಿ ನಾಲ್ಕು ಎಮ್ಮೆ ಕೂತ ಒಂದಿಷ್ಟು ನೀರು. ಕೆಸರಿನ ನಡುವೆ ಇಬ್ಬರು ಹುಡುಗಿಯರು ಕೈಹಿಡಿದು ನಿಂತಿದ್ದರು. ಮೊಣಕಾಲಿನವರೆಗೆ ಹೂತುಹೋಗಿದ್ದರು. ಮುಂದಕ್ಕೆ ಹೋಗಲು ಆಗುತ್ತಿರಲಿಲ್ಲ, ಹಿಂದಕ್ಕೆ ಬರಲು ಮನಸ್ಸಿರಲಿಲ್ಲ. ಒಬ್ಬಳು ಬಿಕ್ಕುತ್ತಿದ್ದಳು. ಅವಳ ಕೈಯಲ್ಲಿ ಆಗಲೇ ಹಸಿರು ಬಳೆ ಇದ್ದವು. ಅವಳು ಮಾಳವ್ವ.

ದ್ರಾಕ್ಷಾಯಿಣಿ ಕೆಸರಿಗೆ ಇಳಿದಳು. ಆರೇ ಹೆಜ್ಜೆಗೆ ಅವಳ ಕಾಲೂ ಸಿಕ್ಕಿಕೊಂಡವು. “ನಾನs, ಕತಿ ಬರಿಯೂ ಬಾಯಾರು” ಎಂದು ಕೂಗಿದಳು.

ಪೂನಮ್ ತಿರುಗಿ ನೋಡಿದಳು. ತೆಳ್ಳಗಿನ ಹುಡುಗಿ, ಅಮ್ಮಿನಬಾವಿಯ ಪೋಸ್ಟ್‌ಮನ್ ಪ್ರತಾಪನ ಮಗಳು. ಸಾಯಲು ಬಂದವಳ ಮುಖದಲ್ಲಿ ಸಿಟ್ಟು ಉರಿಯುತ್ತಿತ್ತು. “ನೀರು ಎಲ್ಲೆತ್ರೀ?” ಎಂದು ಒದರಿದಳು. “ಮೂರನೇ ಮೆಟ್ಟಲಿಗೆ ನೀರು ಅಂತ ಬರದೀರಲ್ಲ, ಎಲ್ಲೆತಿ? ಸಾಯಾಕ ಸುದ್ದಾ ಬಿಡೂದಿಲ್ಲಲ್ರಿ ನೀವು!”

“ತಪ್ಪಾತವಾ! ಮಳಿಗಾಲದಾಗ ಬರದಿದ್ದೆ. ಆಮ್ಯಾಲ ಬದಲ ಮಾಡೇನಿ, ಇಲ್ಲಿ ನೋಡು…” ದ್ರಾಕ್ಷಾಯಿಣಿ ಚೀಲದಿಂದ ಕಾರ್ಬನ್ ಪ್ರತಿ ತೆಗೆದು ಮೇಲೆತ್ತಿ ಹಿಡಿದಳು. “ಇದರಾಗ ಬದುಕತಾರ ಇಬ್ರೂ. ಹುಬ್ಬಳ್ಳ್ಯಾಗ ಖೋಲಿ ಹಿಡೀತಾರ.”

“ಖೋಲಿ ಯಾರು ಕೊಟ್ರು?” ಎಂದಳು ಪೂನಮ್.

“ಆಂ?”

“ಇಬ್ರು ಹುಡುಗ್ಯಾರಿಗೆ, ಅಪ್ಪ ಇಲ್ಲ ಅಣ್ಣ ಇಲ್ಲ ಅಂದ್ರ, ಖೋಲಿ ಯಾರು ಕೊಟ್ರು? ಇಕಿ ಅಪ್ಪ ಹುಡಿಕ್ಕೊಂಡು ಬರಲಿಲ್ಲೇನು? ಅದನ್ನ ಬರದೀರೇನು?”

ಬರೆದಿರಲಿಲ್ಲ. ಎಂಟು ಪುಟದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಬೋರ್ಡಿಗೆ ಯಾವ ಬಣ್ಣ ಎಂದು ಮಾತ್ರ ಬರೆದಿದ್ದಳು. ದ್ರಾಕ್ಷಾಯಿಣಿಯ ಎತ್ತಿದ ಕೈ ಕೆಳಗಿಳಿಯಿತು.

“ಯಾವುದು ಖರೇರಿ ಬಾಯಾರ, ಮುಂಜಾನಿ ಓದಿದ್ದೋ, ಅದೋ?” ಮಾಳವ್ವ ಅಳುತ್ತಲೇ ಕೇಳಿದಳು.

“ಎರಡೂ ನಾನ ಬರದೇನಿ, ಎರಡೂ ಸುಳ್ಳು” ಎಂದಳು ದ್ರಾಕ್ಷಾಯಿಣಿ. ಕಾಗದಗಳು ಕೆಸರಿಗೆ ಬಿದ್ದವು, ಅವಳು ಎತ್ತಿಕೊಳ್ಳಲಿಲ್ಲ. “ನಂಗೂ ಒಬ್ಬಾಕಿ ಇದ್ಲವಾ. ಅಬೀದಾ ಅಂತ. ಅವರಣ್ಣ ಕರಿಯಾಕ ಬಂದಾಗ ನಾನು ಬಾಗಲದಾಗ ನಿಂತು ‘ಹೋಗಿ ಬಾ’ ಅಂದೆ. ಬ್ಯಾರೆ ಮಾತs ಹೊರಡಲಿಲ್ಲ ನನ್ನ ಬಾಯಾಗ. ಹನ್ನೆರಡು ಕಾದಂಬರಿ ಬರದೆ, ಆ ಒಂದು ಮಾತು ಎಲ್ಲೂ ಬರೀಲಿಲ್ಲ. ಈಗ ನಿಮಗ ಹೇಳತೇನಿ. ಹೋಗಬ್ಯಾಡ್ರೆವಾ. ನಿಮ್ಮ ಕಾಲು ಬೀಳತೇನಿ, ಹೋಗಬ್ಯಾಡ್ರಿ.”

ಕಾಲಿಗೆ ಬೀಳಲು ಹೋಗಿ ಖರೇನೇ ಮುಗ್ಗರಿಸಿ ಬಿದ್ದಳು. ಮುಖವೆಲ್ಲ ಕೆಸರಾಯಿತು. ಮಾಳವ್ವ “ಅಯ್ಯಯ್ಯ” ಎಂದು ಪೂನಮ್‌ಳ ಕೈ ಬಿಟ್ಟು ಅವಳ ಕಡೆ ಕಾಲು ಕಿತ್ತಿಟ್ಟಳು. ಬಿದ್ದವರನ್ನು ಎತ್ತುವುದು ಅವಳ ಸ್ವಭಾವವೇ ಇರಬೇಕು. ಪೂನಮ್ ಇನ್ನೊಂದು ಗಳಿಗೆ ಒಬ್ಬಳೇ ನಿಂತು, ದೂರದ ನೀರನ್ನೂ ಎಮ್ಮೆಗಳನ್ನೂ ನೋಡಿ, ಬೈಯುತ್ತ ಹಿಂದೆ ಬಂದಳು.

ಶರೀಫಾಬಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಇಬ್ಬರ ಕೆನ್ನೆಗೂ ಒಂದೊಂದು ಏಟು ಕೊಟ್ಟು, ಇಬ್ಬರನ್ನೂ ತಬ್ಬಿಕೊಂಡು ಅತ್ತಳು.

“ಊರಾಗ ಬಾವಿ ಬಾವಿ ಇಣುಕಿ ನೋಡತಾರ” ಎಂದಳು ದ್ರಾಕ್ಷಾಯಿಣಿ. “ಇಬ್ಬರ ಮನಿಗೂ ಹೇಳಿಬಿಡ್ರಿ, ಮಾಳಮಡ್ಡ್ಯಾಗ ನನ್ನ ಮನ್ಯಾಗ ಅದಾರ ಅಂತ. ಮನಿ ನಂಬರ ಸಹಿತ ಹೇಳ್ರಿ.”

ಮನೆಯಲ್ಲಿ ಸಜ್ಜಕ ಹಾಗೇ ಇತ್ತು. ಇಬ್ಬರೂ ಒಂದೇ ತಾಟಿನಲ್ಲಿ ತಿಂದರು. ಅದನ್ನು ನೋಡಲಾಗದೆ ದ್ರಾಕ್ಷಾಯಿಣಿ ಹುಡುಗಿಯರ ಚಪ್ಪಲಿ ತೊಳೆಯುತ್ತೇನೆಂದು ಹೊರಗೆ ಹೋದಳು. ಮೂರೇ ಇದ್ದವು, ಪೂನಮ್‌ಳದು ಒಂದು ಕೆಸರಿನಲ್ಲೇ ಉಳಿದಿತ್ತು. ತೊಳೆದು ಹೊಸ್ತಿಲ ಹೊರಗೆ ಒಣಗಲಿಟ್ಟಳು.

“ನಾಳೆ ನಮ್ಮಪ್ಪ ಬರತಾನ್ರಿ” ಎಂದಳು ಮಾಳವ್ವ. “ಏನ ಹೇಳತೀರಿ ಅವಗ?”

ದ್ರಾಕ್ಷಾಯಿಣಿ ತಾಟಿಗೆ ಇನ್ನಷ್ಟು ಸಜ್ಜಕ ಬಡಿಸಿ, “ಉಣ್ಣು ಮೊದಲ” ಎಂದಳು.

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದರು. ಮಾಳವ್ವನ ತಂದೆ ರಾಮಪ್ಪ, ಹಿಂದೆ ಇಬ್ಬರು ಗಂಡಸರು. ರಾಮಪ್ಪನ ಕಣ್ಣು ಹೊರಗಿದ್ದ ಮೂರು ಚಪ್ಪಲಿಗಳ ಮೇಲಿತ್ತು. ರಾತ್ರಿಯೆಲ್ಲ ನಿದ್ದೆ ಮಾಡದ, ಅತ್ತ ಮುಖ. ಕೆಟ್ಟವನೆಂದು ಬಗೆಯೋಣವೆಂದರೆ ಹಾಗೆ ಕಾಣಲೂ ಇಲ್ಲ, ಅದೇ ಕಷ್ಟವಾಯಿತು ದ್ರಾಕ್ಷಾಯಿಣಿಗೆ. ಅದೇ ಬಾಗಿಲು, ಅದೇ ಹೊಸ್ತಿಲು. ಒಳಗೆ ಅಡುಗೆಮನೆಯಲ್ಲಿ ಬಳೆಯ ಸದ್ದು ನಿಂತಿತು.

“ನಮ್ಮ ಮಾಳವ್ವ ಅದಾಳೇನ್ರಿ?”

“ಅದಾಳ್ರಿ.”

“ಕರೀರಿ ಹೊರಗ. ಲಗ್ನದ ಮನಿ ಐತಿ.”

“ನೀವು ಒಳಗ ಬರ್ರಿ. ಚಾ ಕುಡೀರಿ. ಬೈರಿ, ಅಳ್ರಿ, ಏನ ಬೇಕಾದ್ದು ಅನ್ರಿ ನನಗ. ಆಕಿನ್ನ ಮಾತ್ರ ಕಳಸೂದಿಲ್ಲ.”

ಇದರ ಮುಂದಿನ ಮಾತು ಹನ್ನೆರಡು ಕಾದಂಬರಿ ಬರೆದವಳಿಗೆ ಗೊತ್ತಿರಲಿಲ್ಲ. ಬಾಗಿಲ ಎರಡೂ ಕಡೆಯ ಚೌಕಟ್ಟು ಹಿಡಿದುಕೊಂಡು ನಿಂತಳು.